ನವಲಗುಂದದಲ್ಲಿ ಮೂರು ಫೋಟೋ, 25,000 ರೂಪಾಯಿ

ಹುಬ್ಬಳ್ಳಿಯಿಂದ ವಿಜಯಪುರದ ರಸ್ತೆ ಹಿಡಿದರೆ ಸುಮಾರು 35 ಕಿಲೋಮೀಟರಿಗೆ ನವಲಗುಂದ ಸಿಗುತ್ತದೆ. ನವಿಲುಗಳಿದ್ದ ಗುಡ್ಡ, ಅದಕ್ಕೇ ನವಲಗುಂದ ಎನ್ನುತ್ತಾರೆ ಊರಿನ ಹಿರಿಯರು. ಆ ಗುಡ್ಡ ಬಿಟ್ಟರೆ ಸುತ್ತಲೂ ಕಣ್ಣು ಹಾಯುವಷ್ಟು ದೂರ ಎರೆಹೊಲ. ಅಜಾತ ನಾಗಲಿಂಗ ಸ್ವಾಮಿಗಳ ಮಠ, ಹೋಳಿ ಹುಣ್ಣಿಮೆಯ ರಾಮಲಿಂಗ ಕಾಮಣ್ಣ, 1980ರ ರೈತ ಹೋರಾಟ, ಇವುಗಳಿಂದ ಊರಿನ ಹೆಸರು ನಾಡಿಗೆಲ್ಲ ಗೊತ್ತು. ಇವುಗಳ ಜೊತೆಗೆ ಇನ್ನೊಂದು ಹೆಸರಿದೆ. ಅದೇ ನವಲಗುಂದದ ಜಮಖಾನ.

ಜಮಖಾನ ಎಂದರೆ ಹತ್ತಿ ನೂಲಿನ ದಪ್ಪ ಹಾಸು. ಮನೆಯಲ್ಲೇ ಮಗ್ಗ ಹೂಡಿ ಹೆಣ್ಣುಮಕ್ಕಳು ನೇಯುತ್ತಾರೆ. ಹಿಂದೆ ವಿಜಯಪುರದ ಕಡೆಯಿಂದ ಬಂದ ಮನೆತನಗಳು ಈ ಕಸುಬನ್ನು ಇಲ್ಲಿಗೆ ತಂದವೆಂಬ ಮಾತಿದೆ. ಗರಿ ಬಿಚ್ಚಿದ ನವಿಲು, ಪಗಡೆ ಹಾಸಿನಂಥ ಚೌಕಗಳು ಇದರ ಗುರುತು. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿದೆ. ಆದರೂ ನೇಯುವ ಮನೆಗಳು ಕಡಿಮೆಯಾಗುತ್ತಲೇ ಇವೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾನು ಕೆಲವು ವರ್ಷ ಈ ಊರಿನಲ್ಲಿದ್ದೆ. ಆಗ ತಾಯಿಯ ಸೆರಗು ಹಿಡಿದು ಉಳಿತಾಯ ಖಾತೆಯ ಕೌಂಟರಿಗೆ ಬರುತ್ತಿದ್ದ ಹುಡುಗಿ ಈಗ ತಾನೇ ಒಳ್ಳೆಯ ನೇಕಾರಳು. ಹೋದ ವರ್ಷ ಫೋನು ಮಾಡಿದ್ದಳು. ದೂರದ ಊರಿನ ಗಿರಾಕಿಯೊಬ್ಬರು ಫೋಟೋ ನೋಡಿ ಜಮಖಾನ ತರಿಸಿಕೊಂಡು, ಬಣ್ಣ ಬೇರೆಯಾಗಿದೆ ಎಂದು ತಿರುಗಿ ಕಳಿಸಿದ್ದರಂತೆ. “ಕಾಕಾ, ನಾ ಹಾಕಿದ ಕೆಂಪ ಬ್ಯಾರೆ, ಫೋಟೋದಾಗ ಕಂಡ ಕೆಂಪ ಬ್ಯಾರೆ. ಕೂತು ನೇಯ್ದದ್ದೆಲ್ಲಾ ಮಣ್ಣುಗೂಡಿತ್ರೀ” ಎಂದಳು.

ಅದೇ ಹೊತ್ತಿಗೆ ಒಂಬತ್ತನೇ ತರಗತಿಯ ನನ್ನ ಮೊಮ್ಮಗಳಿಗೆ ಕ್ಯಾಮೆರಾ ಬೇಕಾಗಿತ್ತು. ಅವಳು ಕೂಡಿಟ್ಟದ್ದು, ನಾನು ಹಾಕಿದ್ದು ಸೇರಿ 25,000 ರೂಪಾಯಿ. ನಾನು ಒಂದು ಕರಾರು ಮಾಡಿದೆ: ಮೊದಲು ಯಾವ ಫೋಟೋ ಬೇಕು ಬರಿ, ಆಮೇಲೆ ಕ್ಯಾಮೆರಾ. ಅವಳು ಮೂರು ಸಾಲು ಬರೆದಳು. ಒಂದು ಹೊಲ, ಒಂದು ಮುಖ, ಒಂದು ಜಮಖಾನ. ಆ ಚೀಟಿ ನೋಡಿಯೇ ಹುಬ್ಬಳ್ಳಿಯಲ್ಲಿ ಸಾಮಾನು ಕೊಂಡೆವು. ಜನವರಿಯಲ್ಲಿ ಎರಡು ದಿನ ನವಲಗುಂದಕ್ಕೆ ಹೋಗಿ ಬಂದೆವು.

ಮೊದಲನೆಯದು: ಹೊಲ

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ. ಅರ್ಧ ಗಂಟೆ ಮೊದಲೇ ಹೊಲದ ಬದುವಿನ ಮೇಲೆ ನಿಂತೆವು. ಒಂದು ಕಡೆ ಬಿಳಿಜೋಳ, ಒಂದು ಕಡೆ ಕಡಲೆ, ನಡುವೆ ಕುಸುಬೆಯ ಹಳದಿ ಹೂವು.

ಇಂಥ ನೋಟಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ. ಹೊಲ ಓಡಿ ಹೋಗುವುದಿಲ್ಲ. ಬೇಕಾದದ್ದು ಅಲುಗಾಡದ ಮೂರು ಕಾಲಿನ ಸ್ಟ್ಯಾಂಡು, ಅಂದರೆ ಟ್ರೈಪಾಡ್. ಮುಂಜಾನೆಯ ಮಂದ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಆಗ ಕೈ ನಡುಗಿದರೆ ಚಿತ್ರ ಮಸುಕು. ಟ್ರೈಪಾಡಿನ ಮೇಲಿಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ, ಬೆರಳು ತೆಗೆದರೆ ಸಾಕು. ಐಎಸ್‌ಒ 100, ಎಫ್ 8 ಅಥವಾ 11. ಹತ್ತಿರದ ತೆನೆಯೂ ದೂರದ ಗುಡ್ಡವೂ ಚೊಕ್ಕವಾಗಿ ಬರುತ್ತವೆ.

ಇದು ಹೊಸ ಉಪಾಯವಲ್ಲ. 1850ರ ದಶಕದಲ್ಲಿ ಬಿಗ್ಸ್ ಎಂಬ ಸೈನ್ಯಾಧಿಕಾರಿ, ಆಮೇಲೆ ಪಿಗೂ ಎಂಬ ವೈದ್ಯ ನಮ್ಮ ಧಾರವಾಡ ಸೀಮೆಯ ಗುಡಿಗಳ ಫೋಟೋ ತೆಗೆದರು. ಧಾರವಾಡ, ಮೈಸೂರು ಸೀಮೆಗಳ ವಾಸ್ತುಶಿಲ್ಪದ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಬಂದ ದೊಡ್ಡ ಪುಸ್ತಕದಲ್ಲಿ ಅವರ ಚಿತ್ರಗಳಿವೆ. ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಕುಡಿಯಲು ಬಹಳ ಹೊತ್ತು ಬೇಕಿತ್ತು. ಸ್ಟ್ಯಾಂಡು ಇಲ್ಲದೆ ಅವರ ಕೆಲಸ ಒಂದು ಹೆಜ್ಜೆಯೂ ನಡೆಯುತ್ತಿರಲಿಲ್ಲ.

ಎರೆಮಣ್ಣಿನ ನಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊಮ್ಮಗಳು ಮೊದಲ ಚಿತ್ರ ನೋಡಿ, “ಅಜ್ಜಾ, ಕರಿ ಮಣ್ಣು ಬೂದಿ ಹಂಗ ಬಂದೈತಿ” ಎಂದಳು. ಕ್ಯಾಮೆರಾಕ್ಕೆ ಅದು ಮಣ್ಣೋ ಹತ್ತಿಯೋ ಗೊತ್ತಾಗುವುದಿಲ್ಲ. ಕಂಡದ್ದನ್ನೆಲ್ಲ ನಡುವಣ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹೀಗಾಗಿ ಕಪ್ಪು ನೆಲ ಬೆಳ್ಳಗಾಗುತ್ತದೆ, ಒಡೆದ ಹತ್ತಿಯ ಹೊಲ ಮಾಸಲಾಗುತ್ತದೆ. ಪ್ಲಸ್, ಮೈನಸ್ ಗುರುತಿನ ಗುಂಡಿ ಇರುವುದು ಇದಕ್ಕೇ. ಮಕ್ಕಳೇ, ಒಂದೇ ಸಾಲು ನೆನಪಿಡಿ: ಕಪ್ಪಿಗೆ ಕಳೆ, ಬಿಳಿಗೆ ಕೂಡಿಸು. ಅವಳು ಒಂದು ಅಂಕ ಕಳೆದಳು. ಮಣ್ಣು ತನ್ನ ಬಣ್ಣಕ್ಕೆ ಬಂತು.

ಅಗಲ ನೋಟದ ವೈಡ್ ಲೆನ್ಸ್ ಬೇಡವೇ ಎಂದು ಕೇಳುವವರಿದ್ದಾರೆ. ನಮ್ಮದು ಬಯಲು ಸೀಮೆ. ವೈಡ್ ಲೆನ್ಸಿನಲ್ಲಿ ಗುಡ್ಡ ಇರುವೆಯ ಗೂಡಿನಷ್ಟಾಗುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55 ಲೆನ್ಸನ್ನು 55ರ ಕಡೆಗೆ ತಿರುಗಿಸಿದರೆ ಗುಡ್ಡ ಹೊಲದ ಹತ್ತಿರ ಬಂದು ನಿಲ್ಲುತ್ತದೆ.

ಎರಡನೆಯದು: ಮುಖ

ನೇಕಾರಳ ಮನೆಯೊಳಗೆ ಕಾಲಿಟ್ಟರೆ ಬೆಳಕಿನ ಲೆಕ್ಕವೇ ಬೇರೆ. ನಡುಮನೆಯಲ್ಲಿ ಮಗ್ಗ, ಒಂದು ಕಿಟಕಿ, ಮೇಲೊಂದು ಟ್ಯೂಬ್‌ಲೈಟು. ಎಳೆಗಳನ್ನು ಬಿಗಿಯಾಗಿ ಕೂಡಿಸಲು ಆಕೆ ಕಬ್ಬಿಣದ ಪಂಜಾದಿಂದ ಹೊಡೆಯುತ್ತಿದ್ದಳು. ಹುಲಿಯುಗುರಿನಂತೆ ಬಾಗಿದ ಹಲ್ಲುಗಳಿರುವ ಹತಾರ ಅದು.

ಇಲ್ಲಿ ಕೆಲಸಕ್ಕೆ ಬಂದದ್ದು 50 ಮಿಲಿಮೀಟರಿನ, ಎಫ್ 1.8ರ ಚಿಕ್ಕ ಲೆನ್ಸ್. ಎಫ್ ಸಂಖ್ಯೆ ಎಂದರೆ ಕಣ್ಣಿನ ಪಾಪೆಯ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಪಾಪೆ ದೊಡ್ಡದು. 18–55 ಲೆನ್ಸ್ 55ರಲ್ಲಿ ಹೆಚ್ಚೆಂದರೆ ಎಫ್ 5.6ಕ್ಕೆ ತೆರೆಯುತ್ತದೆ. ಅದಕ್ಕಿಂತ ಎಫ್ 1.8 ಒಳಗೆ ಬಿಡುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು! ನಮ್ಮದು ಕೆನಾನ್ ಕಂಪನಿಯ ಹಳೆಯ ಡಿಎಸ್‌ಎಲ್‌ಆರ್. ಅದರ ಸೆನ್ಸರ್ ಸಣ್ಣದಿರುವುದರಿಂದ 50ರ ಲೆನ್ಸ್ 80ರ ಹಾಗೆ ಕಾಣಿಸುತ್ತದೆ. ಮುಖಕ್ಕೆ ಅದು ಹೇಳಿ ಮಾಡಿಸಿದ ಅಳತೆ. ಹತ್ತಿರ ನುಗ್ಗಿ ವೈಡ್ ಲೆನ್ಸಿನಲ್ಲಿ ತೆಗೆದರೆ ಮೂಗು ದಪ್ಪ, ಕಿವಿ ಸಣ್ಣ ಆಗುತ್ತದೆ. ಮದುವೆ ಮನೆಯ ಸೆಲ್ಫಿಗಳಲ್ಲಿ ಅಜ್ಜಿಯಂದಿರು ಬೇಜಾರಾಗುವುದು ಇದಕ್ಕೇ.

ಮೊಮ್ಮಗಳು ಮೊದಲು ಕೇಳಿದಳು, “ಚಾಚಿ, ನಿಮ್ಮ ಫೋಟೋ ತೆಗೀಲ್ರೀ?” ಆಕೆ ನಕ್ಕು ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, “ತೆಗಿಯವ್ವಾ, ಕೈ ಭೀ ಬರಬೇಕ ನೋಡು” ಎಂದಳು. ಟ್ಯೂಬ್‌ಲೈಟು ಆರಿಸಿದೆವು. ಕಿಟಕಿಯ ಬೆಳಕು ಒಂದು ಕೆನ್ನೆಗೆ. ಕತ್ತಲಾದ ಇನ್ನೊಂದು ಕೆನ್ನೆಯ ಕಡೆಗೆ ನಾನು ಬಿಳಿ ಥರ್ಮಾಕೋಲ್ ಹಾಳೆ ಹಿಡಿದು ಕೂತೆ. ಆ ಹಾಳೆಯಿಂದ ಬೆಳಕು ಪುಟಿದು ಮುಖ ತುಂಬಿತು. ಎಫ್ 2.8, ಗುರಿ ಕಣ್ಣಿನ ಮೇಲೆ. ಪೂರ್ತಿ 1.8ಕ್ಕೆ ತೆರೆದರೆ ಕಣ್ಣು ಚೊಕ್ಕ, ಕಿವಿ ಮಸುಕು. ಹೊಡೆಯುವ ಕೈ ನಿಂತಂತೆ ಕಾಣಲು ಶಟರ್ ಸೆಕೆಂಡಿನ 250ನೇ ಒಂದು ಭಾಗ.

ಮೂರನೆಯದು: ಜಮಖಾನ

ನಾವು ಹೋಗಿದ್ದೇ ಇದಕ್ಕಾಗಿ. ತಿರುಗಿ ಬಂದ ಜಮಖಾನದ ಹಳೆಯ ಫೋಟೋವನ್ನು ಆಕೆ ಫೋನಿನಲ್ಲಿ ತೋರಿಸಿದಳು. ನೆರೆಮನೆಯ ಹುಡುಗ ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು. ಕಣ್ಣೆದುರಿನ ಕೆಂಪು ಕುಂಕುಮದ ಹಾಗೆ, ಫೋಟೋದ ಕೆಂಪು ಇಟ್ಟಂಗಿಯ ಹಾಗೆ.

ಬಣ್ಣ ಸರಿಬರಲು ಬೇಕಾದದ್ದು ಒಂದು ಬಿಳಿ ಕಾಗದ. ಬೆಳಗಿನ ಹತ್ತಕ್ಕೆ ಅಂಗಳದ ನೆರಳಿನಲ್ಲಿ ಬಿದಿರಿನ ಗಳಕ್ಕೆ ಜಮಖಾನ ತೂಗುಹಾಕಿದೆವು. ಅದೇ ಜಾಗದಲ್ಲಿ ಬಿಳಿ ಕಾಗದ ಹಿಡಿದು ಒಂದು ಫೋಟೋ ತೆಗೆದು, ಕ್ಯಾಮೆರಾದ ವೈಟ್ ಬ್ಯಾಲೆನ್ಸಿನಲ್ಲಿ ‘ಇದೇ ಬಿಳಿ’ ಎಂದು ಹೇಳಿಕೊಟ್ಟೆವು. ಬಿಳಿ ಗೊತ್ತಾದರೆ ಉಳಿದ ಬಣ್ಣ ತಾವಾಗಿ ದಾರಿಗೆ ಬರುತ್ತವೆ. ಬಿಸಿಲೂ ಟ್ಯೂಬ್‌ಲೈಟೂ ಬೆರೆಯಬಾರದು. ಒಂದೇ ಬೆಳಕು ಇರಬೇಕು. ಬಣ್ಣ ಹೆಚ್ಚಿಸಿ ತೋರಿಸುವ ಸೆಟ್ಟಿಂಗ್ ಬಿಟ್ಟು ‘ನ್ಯೂಟ್ರಲ್’ ಇಟ್ಟೆವು. ಗಾಢ ಕೆಂಪು ಕ್ಯಾಮೆರಾದಲ್ಲಿ ಬೇಗ ಉಕ್ಕಿ ಎಳೆಗಳನ್ನು ಮುಚ್ಚುತ್ತದೆ. ಅದಕ್ಕೆ ಬೆಳಕನ್ನು ತುಸು ತಗ್ಗಿಸಿದೆವು.

ಕ್ಯಾಮೆರಾ ಜಮಖಾನದ ಸರಿ ನಡುವಿನ ಎತ್ತರಕ್ಕೆ, ನೇರ ಎದುರಿಗೆ ಇರಬೇಕು. ಓರೆಯಾದರೆ ಚೌಕದ ಹಾಸು ಗೋಪುರದ ಹಾಗೆ ಕಾಣುತ್ತದೆ. ದೂರ ನಿಂತು 50ರ ಲೆನ್ಸಿನಲ್ಲಿ ತೆಗೆದರೆ ಅಂಚು ಬಾಗುವುದಿಲ್ಲ. ನಾಲ್ಕು ಚಿತ್ರ ತೆಗೆದೆವು: ಪೂರ್ತಿ ಹಾಸು, ಪಕ್ಕದಿಂದ ಬೆಳಕು ಬೀಳುವ ಒಂದು ಮೂಲೆ, ನೇಯ್ಗೆ ಎದ್ದು ಕಾಣಲು, ಹಿಂಬದಿ, ಅಲ್ಲೂ ಅದೇ ನವಿಲು ಇದೆಯೆಂದು ತೋರಿಸಲು, ಅಳತೆಪಟ್ಟಿ ಇಟ್ಟ ಅಂಚು. ಕೊನೆಗೆ ಕ್ಯಾಮೆರಾದ ಪರದೆಯನ್ನು ಜಮಖಾನದ ಪಕ್ಕದಲ್ಲೇ ಹಿಡಿದು ಆಕೆಗೆ ತೋರಿಸಿದೆವು. ಒಪ್ಪುವ ಹಕ್ಕು ಬಣ್ಣ ಹಾಕಿದವಳದು. ಎರಡು ಸಲ ತಲೆಯಾಡಿಸಿ ಬೇಡ ಎಂದಳು. ಮೂರನೆಯ ಸಲ, “ಇದು ನಂದು” ಎಂದಳು.

ಲೆಕ್ಕ

ಬಿ.ಕಾಂ. ಓದಿದವನು ಲೆಕ್ಕ ಒಪ್ಪಿಸದೆ ಏಳಬಾರದು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, 18–55 ಲೆನ್ಸ್ ಸಮೇತ 16,000. ಸೆಕೆಂಡ್‌ಹ್ಯಾಂಡ್ 50ರ ಲೆನ್ಸ್ 5,500. ಹೊಸ ಟ್ರೈಪಾಡ್ 2,200. ಮೆಮೊರಿ ಕಾರ್ಡು ಮತ್ತು ಧೂಳು ಊದುವ ಬ್ಲೋವರ್ 900. ಥರ್ಮಾಕೋಲ್, ಒರೆಸುವ ಬಟ್ಟೆ, ಸಿಲಿಕಾ ಜೆಲ್ 400. ಒಟ್ಟು 25,000. ಇದು ನಾವು ಕೊಟ್ಟ ದರ, ನಿಮ್ಮ ಊರಿನಲ್ಲಿ ಹೆಚ್ಚುಕಡಿಮೆ ಇರಬಹುದು. ಆದರೆ ಕ್ರಮ ಬದಲಾಗುವುದಿಲ್ಲ. ಪೂರ್ತಿ ಹಣವನ್ನು ಹೊಸ ಕ್ಯಾಮೆರಾದ ಮೇಲೆ ಸುರಿದಿದ್ದರೆ ಹೊಲದ ಚಿತ್ರ ನಡುಗುತ್ತಿತ್ತು, ಮುಖ ಕತ್ತಲಾಗುತ್ತಿತ್ತು.

ಹಳೆಯ ಸಾಮಾನು ಕೊಳ್ಳುವಾಗ ಹೀಗೆ ಮಾಡಿ. ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಬೂಷ್ಟು ಕಂಡರೆ ಬಿಡಿ. ಮುಚ್ಚಳ ಹಾಕಿಯೇ ಒಂದು ಫೋಟೋ ತೆಗೆಯಿರಿ, ಕಪ್ಪಿನಲ್ಲಿ ಬಣ್ಣದ ಚುಕ್ಕೆಗಳು ಹೆಚ್ಚು ಕಂಡರೆ ಸೆನ್ಸರಿನಲ್ಲಿ ದೋಷವಿರಬಹುದು. ಹಳೆಯ ಬಿಲ್ಲಿನ ನಂಬರಿಗೂ ಕ್ಯಾಮೆರಾದ ನಂಬರಿಗೂ ತಾಳೆ ನೋಡಿ. ನಿಕಾನ್ ಕಂಪನಿಯ ಸಣ್ಣ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ಅವುಗಳಿಗೆ ಮೋಟರ್ ಇರುವ ಲೆನ್ಸನ್ನೇ ಕೇಳಿ ಕೊಳ್ಳಿ, ಇಲ್ಲದಿದ್ದರೆ ಪ್ರತಿ ಸಲವೂ ಕೈಯಿಂದಲೇ ತಿರುಗಿಸಬೇಕಾಗುತ್ತದೆ.

25,000 ಎಲ್ಲಿಂದ ತರುವುದು ಎನ್ನುವವರು ಇರುವ ಫೋನಿನಿಂದಲೇ ಶುರುಮಾಡಿ. ಕಿಟಕಿ, ಥರ್ಮಾಕೋಲ್, ಒಂದು ಸಣ್ಣ ಸ್ಟ್ಯಾಂಡು ಸಾಕು. ನಮ್ಮ ಕಾಲದ ಆಗ್ಫಾ ಕ್ಲಿಕ್ 3 ಡಬ್ಬಿಯಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಒತ್ತುವ ಮೊದಲು ಹನ್ನೆರಡು ಸಲ ಯೋಚಿಸುತ್ತಿದ್ದೆವು. ಆ ಅಭ್ಯಾಸಕ್ಕೆ ಇಂದಿಗೂ ಖರ್ಚಿಲ್ಲ.

ನವಲಗುಂದಕ್ಕೆ ಹೋಗುವವರು ಡಿಸೆಂಬರ್, ಜನವರಿಯಲ್ಲಿ ಹೋಗಿ. ಮಳೆಯಲ್ಲಿ ಎರೆಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಮಗ್ಗದ ಮನೆಗೆ ಹೋದರೆ ಕೇಳಿಯೇ ಒಳಗೆ ಕಾಲಿಡಿ, ಕೇಳಿಯೇ ಫೋಟೋ ತೆಗೆಯಿರಿ, ತೆಗೆದದ್ದನ್ನು ಅವರಿಗೂ ಕಳಿಸಿ. ನಮ್ಮ ನಾಲ್ಕು ಚಿತ್ರ ಆಕೆಯ ಫೋನಿನಲ್ಲಿವೆ. ಯುಗಾದಿಯ ಹೊತ್ತಿಗೆ ಆ ಜಮಖಾನ ಬೇರೊಂದು ಮನೆ ಸೇರಿತು. ತಿರುಗಿ ಬಂದಿಲ್ಲ.