ಹೆದ್ದಾರಿಯ ನಿದ್ದೆಯ ಲೆಕ್ಕ

ದಾವಣಗೆರೆಯ ಸರಸ್ವತಿ ನಗರ ದೀಪ ಆರಿಸಿ ಮಲಗುವ ಹೊತ್ತಿಗೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಸಾಲು ಬೆಳೆಯುತ್ತದೆ. ಇಲ್ಲಿನ ಮೆಕ್ಕೆಜೋಳ, ಅಕ್ಕಿ ಹೊತ್ತ ಲಾರಿಗಳು ಹರಿಹರದ ಬಳಿ ತುಂಗಭದ್ರೆ ದಾಟಿ ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿಯತ್ತ ಸಾಗುತ್ತವೆ.

ಕ್ಯಾಬಿನ್ನೇ ಡ್ರೈವರ್ ಮನೆ. ಸೀಟಿನ ಹಿಂದೆ ಹಾಸಿಗೆ, ಪಕ್ಕದಲ್ಲಿ ನೀರಿನ ಕ್ಯಾನು, ಎದುರಿಗೆ ದೇವರ ಪಟ. ಊಟ ಢಾಬಾದಲ್ಲಿ. ಲೋಡು ಇಳಿಸಲು ಕಾದು ಕಳೆದ ಹೊತ್ತನ್ನು ಎಷ್ಟೋ ಸಲ ನಿದ್ದೆಗೆಟ್ಟು ತುಂಬಿಸಬೇಕು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರೇ ಸೆಕೆಂಡು ಜೊಂಪು ಹತ್ತಿದರೆ 50 ಮೀಟರ್ ದಾರಿಯನ್ನು ನೋಡುವವರೇ ಇಲ್ಲ! ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ. ಬ್ರೇಕು ಅಷ್ಟನ್ನೂ ನುಂಗಬೇಕು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆಯೆಂದು ಗೊತ್ತುಮಾಡಿತ್ತು. ಆದರೆ ಬಾಡಿಗೆ ಸಿಗುವುದು ಲೋಡು ತಲುಪಿದ ಮೇಲೆ, ನಿದ್ದೆ ಮಾಡಿದ್ದಕ್ಕಲ್ಲ.

ಮಕ್ಕಳೇ, ಹೆದ್ದಾರಿ ದಾಟುವಾಗ ಲಾರಿ ಥಟ್ಟನೆ ನಿಲ್ಲುತ್ತದೆಂದು ನಂಬಬೇಡಿ. ಪಾಲಕರೇ, ಸರಕು ಬೆಳಗಾಗುವುದರೊಳಗೆ ಬರಲೇಬೇಕೆಂದು ಹಟ ಹಿಡಿಯುವ ಮುನ್ನ ಆ ಕೆಂಪಾದ ಕಣ್ಣುಗಳನ್ನು ನೆನೆಯಿರಿ. ಅವರಿಗೂ ಮನೆಯಲ್ಲಿ ದಾರಿ ಕಾಯುವ ಮಕ್ಕಳಿದ್ದಾರೆ.