ಹಿಂದೆ ಬರುವವರ ಕಣ್ಣಿಗೆ

ಡೆನ್ವರ್ ಬಿಟ್ಟು ಪಶ್ಚಿಮಕ್ಕೆ ಹೊರಟ ಐ-70 ಹೆದ್ದಾರಿ ರಾಕಿ ಬೆಟ್ಟಗಳನ್ನು ಏರುತ್ತ ಏರುತ್ತ, ಒಂದು ಕಡೆ ಏರುವುದನ್ನೇ ಬಿಟ್ಟು ಬೆಟ್ಟದ ಒಡಲೊಳಕ್ಕೆ ನುಗ್ಗುತ್ತದೆ. ಅದು ಐಸೆನ್‌ಹೋವರ್ ಸುರಂಗ. ಸಮುದ್ರಮಟ್ಟಕ್ಕಿಂತ 11,000 ಅಡಿಗೂ ಮೇಲೆ, ಸುಮಾರು 2.7 ಕಿಲೋಮೀಟರ್ ಉದ್ದಕ್ಕೆ ಕೊರೆದದ್ದು. ಪಶ್ಚಿಮಕ್ಕೆ ಹೋಗುವ ದಾರಿ 1973ರಲ್ಲಿ ತೆರೆಯಿತು, ಪೂರ್ವಕ್ಕೆ ಬರುವ ದಾರಿ 1979ರಲ್ಲಿ. ಸುರಂಗದ ನೆತ್ತಿಯ ಮೇಲೆ ಅಮೆರಿಕದ ನೀರು ಇಬ್ಭಾಗವಾಗುವ ಗೆರೆ ಹಾದುಹೋಗುತ್ತದೆ. ಈಚೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಆಚೆ ಬಿದ್ದದ್ದು ಪೆಸಿಫಿಕ್ ಕಡೆಗೆ. ಇದನ್ನು ಹೇಳಿದಾಗ ಪಕ್ಕದಲ್ಲಿದ್ದ ಚಿಕ್ಕಪ್ಪ ಕಿಟಕಿಯಿಂದ ತಲೆಯೆತ್ತಿ ನೋಡಿದರು. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ವರ್ಷಗಟ್ಟಲೆ ಟ್ರ್ಯಾಕ್ಟರ್ ಓಡಿಸಿ ಕಬ್ಬು ಸಾಗಿಸಿದವರು ಅವರು. ಆ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಿದ್ದರು. ನೀರಿನ ಮಾತು ಬಂದರೆ ಅವರ ಕಿವಿ ತಾನಾಗಿ ನಿಮಿರುತ್ತದೆ.

ನಾವು ಹೊರಟದ್ದು ಯೂಟಾ ರಾಜ್ಯದ ಮೋಆಬ್‌ಗೆ, ಕೆಂಪು ಕಲ್ಲಿನ ಕಮಾನುಗಳನ್ನು ನೋಡಲು. ಹಳೆಯ ಪಿಕಪ್ ಗಾಡಿ, ಅದರ ಹಿಂದೆ ಮಡಚಿದರೆ ಪೆಟ್ಟಿಗೆ, ಬಿಡಿಸಿದರೆ ಡೇರೆಯಾಗುವ ಪುಟ್ಟ ಟ್ರೇಲರ್. ಬೆಳಿಗ್ಗೆ ಅಂಗಳದಲ್ಲಿ ದೀಪಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದ್ದೆವು, ಎಲ್ಲವೂ ಉರಿದಿದ್ದವು. ಸುರಂಗ ದಾಟಿದೊಡನೆ ರಸ್ತೆ ಡಿಲನ್ ಕಣಿವೆಗೆ ಕಡಿದಾಗಿ ಇಳಿಯುತ್ತದೆ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಜಲ್ಲಿ ತುಂಬಿದ ಏರುದಾರಿಗಳನ್ನು ಪಕ್ಕದಲ್ಲಿ ಕಟ್ಟಿದ್ದಾರೆ. ಇಳಿದು ಸಿಲ್ವರ್‌ಥಾರ್ನ್ ಊರಿನ ಪೆಟ್ರೋಲ್ ಬಂಕಿಗೆ ತಿರುಗಿಸಿದರೆ, ನಮ್ಮ ಹಿಂದೆಯೇ ಒಂದು ಕಾರು ತಿರುಗಿ ಬಂತು. ವಯಸ್ಸಾದ ಹೆಂಗಸೊಬ್ಬರು ಇಳಿದು ಹೇಳಿದರು: "ಸುರಂಗದಲ್ಲಿ ನೀವು ಬ್ರೇಕ್ ಒತ್ತಿದಾಗಲೆಲ್ಲ ನಿಮ್ಮ ಟ್ರೇಲರಿನ ದೀಪಗಳು ಪೂರ್ತಿ ಆರಿಹೋಗುತ್ತಿದ್ದವು. ನಿಮಗೆ ತಿಳಿಸಲೆಂದೇ ಹಿಂದೆ ಬಂದೆ."

ಇಷ್ಟು ಹೇಳಲು ತನ್ನ ದಾರಿ ಬಿಟ್ಟು ಬಂದಿದ್ದ ಆಕೆಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಎಳೆಯುವವನಿಗೆ ತನ್ನ ಟ್ರೇಲರಿನ ದೀಪ ಎಂದೂ ಕಾಣುವುದಿಲ್ಲ. ಕನ್ನಡಿಯಲ್ಲಿ ಪೆಟ್ಟಿಗೆಯ ಮೂಲೆ ಕಾಣುತ್ತದೆ, ಅದರ ಬೆನ್ನು ಕಾಣುವುದಿಲ್ಲ. ಆ ದೀಪಗಳು ಇರುವುದೇ ಪರಿಚಯವಿಲ್ಲದ ಇನ್ನೊಬ್ಬರಿಗಾಗಿ. ಅವು ಕೆಟ್ಟರೆ ಮೊದಲು ಗೊತ್ತಾಗುವುದೂ ಅವರಿಗೇ.

ಚಿಕ್ಕಪ್ಪ ಆಗಲೇ ಪಂಚೆ ಮೇಲೆತ್ತಿ ಕಟ್ಟಿ ಟ್ರೇಲರಿನ ಹಿಂದೆ ನಿಂತಿದ್ದರು. "ಹೆಡ್‌ಲೈಟ್ ಹಾಕು. ಹೂಂ, ಉರೀತದೆ, ಮಂಕು. ಈಗ ಬ್ರೇಕ್ ಒತ್ತು... ಆರೋಯ್ತು ನೋಡು! ಬುಡು. ಬಂತು. ಎಡಕ್ಕೆ ಇಂಡಿಕೇಟರ್ ಹಾಕು ಮಗ."

ಹಾಕಿದೆ.

"ಎರಡೂ ಕಡೆ ಮಿಣುಕ್ತಾವೆ! ಅಲ್ಲ ಕಣ್ಲಾ, ಇಂಡಿಕೇಟರ್ ಹಳದಿ ಎಲ್ಲದೆ? ಬ್ರೇಕಿನ ಕೆಂಪೇ ಮಿಣುಕ್ತಾ ಕೂತದೆ."

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮಲ್ಲಿ ಇಂಡಿಕೇಟರಿಗೆ ಬೇರೆ ಬಲ್ಬು, ಬೇರೆ ಬಣ್ಣ. ಅಮೆರಿಕದ ಸಣ್ಣ ಟ್ರೇಲರುಗಳಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ಕೆಂಪು ದೀಪ. ಒಂದು ಬಲ್ಬಿನೊಳಗೆ ಎರಡು ಎಳೆ: ಸಣ್ಣದು ರಾತ್ರಿಯ ಹಿಂದೀಪಕ್ಕೆ, ದೊಡ್ಡದು ಬ್ರೇಕಿಗೂ ಇಂಡಿಕೇಟರಿಗೂ. ಹಾಗಾಗಿ ಪಿಕಪ್ಪಿನಿಂದ ಟ್ರೇಲರಿಗೆ ನಾಲ್ಕೇ ವಯರು ಸಾಕು. ಕಂದು ಹಿಂದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ, ಬಿಳಿ ಅರ್ತ್‌ಗೆ. ಈ ಬಣ್ಣಗಳು ಅಲ್ಲಿ ರೂಢಿಯಾಗಿ ನಿಂತಿವೆ. ತಮ್ಮ ಟ್ರೇಲರಿನ ಬಲ ಇಂಡಿಕೇಟರ್ ಉರಿಯುತ್ತಿಲ್ಲವೆಂದು ಯಾರಾದರೂ ಹೇಳಿದರೆ ಹಸಿರು ವಯರು ಹಿಡಿದು ಹೊರಟರೆ ಆಯಿತು. ಹಳದಿ ಇಂಡಿಕೇಟರ್ ಬೇರೆಯಿರುವ ಕಾರುಗಳಾದರೆ ಬ್ರೇಕಿನ ಸುದ್ದಿಯನ್ನೂ ತಿರುವಿನ ಸುದ್ದಿಯನ್ನೂ ಒಂದೇ ವಯರಿಗೆ ಸೇರಿಸುವ ಪುಟ್ಟ ಕನ್ವರ್ಟರ್ ಡಬ್ಬಿ ಬೇಕಾಗುತ್ತದೆ. ಕೆಡುವ ವಸ್ತುಗಳ ಸಾಲಿಗೆ ಅದೂ ಸೇರುತ್ತದೆ. ನಮ್ಮ ಹಳೆಯ ಪಿಕಪ್ಪಿಗೆ ಆ ತಾಪತ್ರಯ ಇರಲಿಲ್ಲ.

"ಬಲ್ಬು ಹೋಗಿಲ್ಲ, ಫ್ಯೂಸೂ ಹೋಗಿಲ್ಲ. ಅರ್ತಿಂಗೇ ಇಲ್ಲ ಇದಕ್ಕೆ" ಎಂದು ಚಿಕ್ಕಪ್ಪ ತೀರ್ಪು ಕೊಟ್ಟರು. ಒಂದು ದೀಪ ಆರಿದರೆ ಬಲ್ಬನ್ನು ಶಂಕಿಸಬೇಕು. ದೀಪಗಳು ಒಂದರ ಕೆಲಸ ಇನ್ನೊಂದು ಮಾಡತೊಡಗಿದರೆ, ಎಡಕ್ಕೆ ಹಾಕಿದ್ದು ಬಲಕ್ಕೂ ಮಿಣುಕಿದರೆ, ಅರ್ತ್ ಹಿಡಿಯಬೇಕು. ಬ್ಯಾಟರಿಯಿಂದ ಬಂದ ಕರೆಂಟು ಬಲ್ಬು ದಾಟಿ ಮತ್ತೆ ಬ್ಯಾಟರಿಗೆ ಮರಳಲೇಬೇಕು. ಮರಳುವ ಬಿಳಿ ವಯರು ಕಡಿದಿದ್ದರೆ ಅದು ಇತರ ಬಲ್ಬುಗಳ ಎಳೆಯ ಮೂಲಕ, ಕಂದು ಹಳದಿ ಹಸಿರು ವಯರುಗಳಲ್ಲೇ ಹಿಂದಕ್ಕೆ ನುಸುಳಿ, ಪಿಕಪ್ಪಿನ ಬಲ್ಬುಗಳನ್ನು ಹಾದು ಅರ್ತ್ ಸೇರುತ್ತದೆ. ಅದಕ್ಕೇ ಆ ಮಂಕು ಬೆಳಕು. ಹೆಡ್‌ಲೈಟ್ ಹಾಕಿ ಬ್ರೇಕನ್ನೂ ಒತ್ತಿದರೆ ಮೂರೂ ವಯರುಗಳಲ್ಲಿ ಹನ್ನೆರಡು ವೋಲ್ಟ್ ನಿಂತುಬಿಡುತ್ತದೆ. ನುಸುಳಲು ಯಾವ ದಾರಿಯೂ ಉಳಿಯುವುದಿಲ್ಲ. ಚಿಕ್ಕಪ್ಪ ಇದನ್ನು ತಮ್ಮ ರೀತಿಯಲ್ಲಿ ಹೇಳಿದರು: "ತೂಬಿನ ಈಚೆಗೂ ಆಚೆಗೂ ನೀರು ಒಂದೇ ಮಟ್ಟ ನಿಂತ್ರೆ ತೂಬೆತ್ತಿದ್ರೂ ಹರೀತದಾ?" ಹಗಲಿನಲ್ಲಿ ಹೆಡ್‌ಲೈಟ್ ಇಲ್ಲದೆ ಓಡುವಾಗ ಮರೆಯಲ್ಲಿದ್ದ ದೋಷ, ಕತ್ತಲ ಸುರಂಗದಲ್ಲಿ, ಹೆಡ್‌ಲೈಟ್ ಹಾಕಿ ಬ್ರೇಕ್ ಒತ್ತಿದಾಗ ಹೊರಬಿದ್ದದ್ದು ಹೀಗೆ.

ಖಚಿತ ಮಾಡಿಕೊಳ್ಳಲು ಒಂದು ತುಂಡು ವಯರಿನ ಒಂದು ತುದಿಯನ್ನು ಪಿಕಪ್ಪಿನ ಚಾಸಿಗೆ, ಇನ್ನೊಂದನ್ನು ಟ್ರೇಲರಿನ ಬಣ್ಣ ಕೆರೆದ ಕಬ್ಬಿಣಕ್ಕೆ ಒತ್ತಿಹಿಡಿದೆವು. ದೀಪಗಳು ಝಗ್ಗನೆ ಹೊತ್ತಿದವು. ಬಿಳಿ ವಯರು ಟ್ರೇಲರಿನ ಮೂತಿಯ ಬಳಿ ಒಂದೇ ಒಂದು ಸ್ಕ್ರೂವಿನಲ್ಲಿ ನಿಂತಿತ್ತು, ಅದೂ ಬಣ್ಣದ ಮೇಲೆ. ಸ್ಕ್ರೂವಿನ ಕೆಳಗೆಲ್ಲ ತುಕ್ಕು. ಹಾಗಾದರೆ ಬೆಳಿಗ್ಗೆ ಹೇಗೆ ಉರಿಯಿತು? ಕೊಂಡಿಯ ಗುಂಡು ಮತ್ತು ಅದನ್ನು ಕಚ್ಚಿದ ಬಟ್ಟಲಿನ ನಡುವೆ, ಲೋಹಕ್ಕೆ ಲೋಹ ತಾಗಿದಲ್ಲಿ ಕರೆಂಟು ದಾಟಿತ್ತು. ಆದರೆ ಆ ಗುಂಡು ಸುಲಭವಾಗಿ ತಿರುಗಲೆಂದು ಅದಕ್ಕೆ ಗ್ರೀಸ್ ಹಚ್ಚಬೇಕು. ಗ್ರೀಸು ಕರೆಂಟನ್ನು ತಡೆಯುತ್ತದೆ. ರಸ್ತೆಯ ಕುಲುಕಾಟದಲ್ಲಿ ಆ ಸೇತುವೆ ಕಡಿಯಿತು.

ಕಬ್ಬಿಣವನ್ನೇ ಮರಳುವ ವಯರಾಗಿ ಬಳಸುವ ಈ ಪದ್ಧತಿಯನ್ನು ನಾನು ಒಪ್ಪಲಾರೆ. ಒಂದಿಷ್ಟು ಅಡಿ ತಾಮ್ರ ಉಳಿಸಲು ಇಡೀ ದೀಪವ್ಯವಸ್ಥೆಯನ್ನು ಒಂದು ಸ್ಕ್ರೂವಿನ ಕೆಳಗಿನ ಬಣ್ಣ, ತುಕ್ಕಿನ ಮರ್ಜಿಗೆ ಬಿಟ್ಟಂತಾಗುತ್ತದೆ. ಬಿಳಿ ವಯರು ಒಂದೊಂದು ದೀಪದ ಹೋಲ್ಡರಿನವರೆಗೂ ಹೋಗಬೇಕು. ಸದ್ಯಕ್ಕೆ ಸ್ಯಾಂಡ್ ಪೇಪರಿನಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ವಯರಿಗೆ ಹೊಸ ರಿಂಗ್ ಟರ್ಮಿನಲ್ ಹಾಕಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ನೀರು ಸೇರದಂತೆ ಗ್ರೀಸ್ ಬಳಿದೆವು. ಗ್ರೀಸಿನ ಜಾಗ ಅದು, ಲೋಹ ಲೋಹವನ್ನು ಕಚ್ಚಿದ ಮೇಲೆ.

ಗಾಡಿ ಹೊರಟ ಮೇಲೆ ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನನಗೆ ಕಾರಣ ಗೊತ್ತಿತ್ತು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ ಸೀಮೆಯ ರಸ್ತೆಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಓಡುತ್ತವೆ. ಟ್ರೇಲರಿನ ಹಿಂದೆ ಕಬ್ಬಿನ ಸೋಗೆ ಮಾರುದ್ದ ಚಾಚಿಕೊಂಡು, ದೀಪ ಇದ್ದರೂ ಅದನ್ನು ಮುಚ್ಚಿರುತ್ತದೆ. ಬಾಗಲಕೋಟೆ, ಬೆಳಗಾವಿ ಕಡೆಯೂ ಇದೇ ಕತೆ. ಬೈಕಿನಲ್ಲಿ ಬರುವವನಿಗೆ ಎದುರುಗಾಡಿಯ ಬೆಳಕು ಕಣ್ಣಿಗೆ ಹೊಡೆದ ಕ್ಷಣದಲ್ಲಿ ಆ ಕಪ್ಪು ರಾಶಿ ಕಾಣುವುದೇ ಇಲ್ಲ. ನಮ್ಮೂರಿನ ಒಬ್ಬ ಹುಡುಗ ಹೀಗೆಯೇ ಹೋದ. ಪೊಲೀಸರು ಹೊಳೆಯುವ ಸ್ಟಿಕರ್ ಅಂಟಿಸುತ್ತಾರೆ, ಅದು ಒಳ್ಳೆಯದೇ. ಆದರೆ ಸೋಗೆಯ ಹಿಂದೆ ಅಡಗಿದ ಸ್ಟಿಕರು ಯಾರನ್ನೂ ಉಳಿಸದು.

ವೇಲ್ ಘಾಟಿ ದಾಟಿ ಇಳಿದು ಗ್ಲೆನ್‌ವುಡ್ ಕಮರಿ ಹೊಕ್ಕಾಗ ಚಿಕ್ಕಪ್ಪನ ಮುಖ ತಿಳಿಯಾಯಿತು. ಎರಡೂ ಕಡೆ ಗೋಡೆಯಂತೆ ನಿಂತ ಬಂಡೆ, ತಳದಲ್ಲಿ ಕೊಲರಾಡೊ ನದಿ, ಆಚೆ ದಡದಲ್ಲಿ ರೈಲುಹಳಿ. ಹೆದ್ದಾರಿಗೆ ಉಳಿದ ಜಾಗ ಎಷ್ಟು ಕಿರಿದೆಂದರೆ ಹೋಗುವ ದಾರಿ ಮೇಲೆ, ಬರುವ ದಾರಿ ಕೆಳಗೆ, ಕಂಬಗಳ ಮೇಲೆ ನಿಂತಿವೆ. 1992ರಲ್ಲಿ ಮುಗಿದ ಈ ಕೆಲಸದಲ್ಲಿ ಕಮರಿಯ ಬಂಡೆ, ಗಿಡಗಳನ್ನು ಕಾಪಾಡಲು ಪಟ್ಟ ಶ್ರಮ ಹೋಗುವವರಿಗೂ ಕಾಣುತ್ತದೆ. ನಾನು ನೋಡಿದ ಹೆದ್ದಾರಿಗಳಲ್ಲಿ ಇದಕ್ಕೆ ಸಾಟಿಯಿಲ್ಲ.

ಮುಂದೆ ಕಣಿವೆ ಅಗಲವಾಗುತ್ತದೆ. ಪ್ಯಾಲಿಸೇಡ್ ಊರಿನ ರಸ್ತೆಬದಿಯಲ್ಲಿ ಪೀಚ್ ಹಣ್ಣಿನ ಬುಟ್ಟಿಗಳು. ಕಡಿದರೆ ರಸ ಮೊಣಕೈವರೆಗೆ ಇಳಿಯುತ್ತದೆ. ಸುತ್ತ ಬೋಳು ಬೆಟ್ಟ, ನಡುವೆ ಹಸಿರು ತೋಟ. ನದಿಯಿಂದ ಕಾಲುವೆ ತೆಗೆದು ಮಾಡಿದ ನೆಲ ಇದು. ಚಿಕ್ಕಪ್ಪ ಕಾಲುವೆಯ ಏರಿ ಹತ್ತಿ ನಿಂತು ನೀರಿನ ಓಟವನ್ನು ಅಳೆಯುವಂತೆ ನೋಡಿದರು. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಬೆಳೆ ತೆಗೆದವರಿಗೆ ಅದು ಪರಿಚಿತ ದೃಶ್ಯ. ಪಕ್ಕದ ದೊಡ್ಡ ಊರು ಗ್ರ್ಯಾಂಡ್ ಜಂಕ್ಷನ್, ಗನಿಸನ್ ನದಿ ಬಂದು ಕೂಡುವ ಜಾಗ. ಕೊಲರಾಡೊ ನದಿಯ ಈ ಮೇಲ್ಭಾಗಕ್ಕೆ 1921ರವರೆಗೆ ಗ್ರ್ಯಾಂಡ್ ನದಿಯೆಂದೇ ಹೆಸರಿತ್ತು.

ಸಂಜೆ ಫ್ರೂಟಾದಲ್ಲಿ ಡೇರೆ ಹಾಕುವ ಮುನ್ನ ಮತ್ತೆ ದೀಪಗಳ ಪರೀಕ್ಷೆ. ಬಲ ಇಂಡಿಕೇಟರ್ ಸತ್ತಿತ್ತು. ಅದೇ ಬಲ್ಬಿನ ಹಿಂದೀಪದ ಎಳೆ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಅಂದರೆ ಅರ್ತ್ ಸರಿಯಿದೆ. ಎಡಗಡೆಯ ಬಲ್ಬನ್ನು ಬಲಕ್ಕೆ ಹಾಕಿದರೂ ಅದೇ ಪಾಡು. ಉಳಿದದ್ದು ಹಸಿರು ವಯರು. ಪ್ಲಗ್ ಕಳಚಿ ಪಿಕಪ್ಪಿನ ಕಡೆ ನೋಡಿದರೆ ಅಲ್ಲಿ ಹಸಿರಿನಲ್ಲಿ ಕರೆಂಟು ಸರಿಯಾಗಿ ಬರುತ್ತಿತ್ತು. ಈ ಒಂದು ಪರೀಕ್ಷೆಯಿಂದ ಅರ್ಧ ಹುಡುಕಾಟ ಮುಗಿಯುತ್ತದೆ. ತಪ್ಪು ಎಳೆಯುವ ಗಾಡಿಯದೋ ಟ್ರೇಲರಿನದೋ ಎಂಬುದು ಮೊದಲು ಇತ್ಯರ್ಥವಾಗಬೇಕು.

ಹಿಂದಿನ ಹೋಲ್ಡರಿನಲ್ಲಿ ನನ್ನ ಮಲ್ಟಿಮೀಟರ್ ಇಟ್ಟೆ. ಹನ್ನೆರಡು ವೋಲ್ಟ್ ತೋರಿಸಿತು. ವೋಲ್ಟೇಜ್ ಇದೆ, ಬೆಳಕಿಲ್ಲ! ಚಿಕ್ಕಪ್ಪ ಮೀಟರನ್ನು ಪಕ್ಕಕ್ಕಿಟ್ಟು, ಒಂದು ಹೆಚ್ಚುವರಿ ಬಲ್ಬಿಗೆ ಎರಡು ವಯರು ಕಟ್ಟಿ ತಮ್ಮ ಟೆಸ್ಟ್ ಲ್ಯಾಂಪ್ ಮಾಡಿಕೊಂಡರು. ಅಲ್ಲಿ ತಾಗಿಸಿದರು, ಬಲ್ಬಿನ ಎಳೆ ಕೆಂಪೂ ಆಗಲಿಲ್ಲ. "ಮೀಟರು ಕರೆಂಟು ಕುಡಿಯೋದಿಲ್ಲ ಕಣಪ್ಪ, ಮೂಸಿ ನೋಡ್ತದೆ ಅಷ್ಟೆ. ಬಲ್ಬು ಕುಡೀತದೆ." ಕಾಲೇಜಿನಲ್ಲಿ ಓದಿದ್ದನ್ನು ಅಷ್ಟು ಚೊಕ್ಕವಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬ್ರೇಕಿನ ಎಳೆ ಸುಮಾರು ಎರಡು ಆಂಪಿಯರ್ ಬೇಡುತ್ತದೆ. ನಡುವೆ ಎಲ್ಲೋ ಕೂದಲೆಳೆಯಷ್ಟೇ ತಾಗಿದ ಸಂಧಿಯಿದ್ದರೆ ಮೀಟರಿಗೆ ಅಷ್ಟೇ ಸಾಕು, ಬಲ್ಬಿಗೆ ಸಾಲದು.

ಅಡಿಯಲ್ಲಿ ಮಲಗಿ ಬೆರಳಲ್ಲಿ ವಯರನ್ನು ಹಿಂಬಾಲಿಸಿದೆವು. ಬಲಚಕ್ರದ ಹಿಂದೆ, ರಸ್ತೆಯ ನೀರು ನೇರ ಎರಚುವ ಜಾಗದಲ್ಲಿ, ನೀಲಿ ಪ್ಲಾಸ್ಟಿಕ್ಕಿನ ಒಂದು ಕ್ಲಿಪ್ ಸಿಕ್ಕಿತು. ಹೊದಿಕೆ ಸುಲಿಯದೆ, ವಯರನ್ನು ಲೋಹದ ಅಲಗಿನಿಂದ ಚುಚ್ಚಿ ಜೋಡಿಸುವ ಕ್ಲಿಪ್ಪು. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಕೊಲರಾಡೊದಲ್ಲಿ ಚಳಿಗಾಲದ ರಸ್ತೆಗಳಿಗೆ ಹಿಮ ಕಟ್ಟದಂತೆ ಮೆಗ್ನೀಸಿಯಂ ಕ್ಲೋರೈಡ್ ಸಿಂಪಡಿಸುತ್ತಾರೆ. ಗಾಳಿಯ ತೇವವನ್ನೇ ಹೀರಿ ಒದ್ದೆಯಾಗಿ ಉಳಿಯುವ ಉಪ್ಪು ಅದು. ಚುಚ್ಚಿದ ತೂತಿನಲ್ಲಿ ಒಳಸೇರಿ ತಾಮ್ರವನ್ನು ತಿನ್ನುತ್ತ ಹೋಗಿತ್ತು. ವಯರು ಕತ್ತರಿಸಿದೆ, ಒಳಗೆ ಕಪ್ಪು. ಇನ್ನೊಂದು ಗೇಣು ಕತ್ತರಿಸಿದೆ, ಇನ್ನೂ ಕಪ್ಪು. ಹೊಳೆಯುವ ತಾಮ್ರ ಸಿಕ್ಕಿದ ಮೇಲೆಯೇ ಹೊಸ ವಯರು ಸೇರಿಸಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಜೋಡಣೆ ಹಾಕಿ ಲೈಟರಿನಿಂದ ಕಾಯಿಸಿದೆವು. ಆ ನೀಲಿ ಕ್ಲಿಪ್ಪುಗಳನ್ನು ಟ್ರೇಲರಿನ ಅಡಿಗೆ ಯಾರೂ ಹಾಕಬಾರದು. ಒಣ ಜಾಗಕ್ಕೆ ಅವು ಇರಲಿ.

ಮರುದಿನ ಯೂಟಾ ಮರುಭೂಮಿ. ಸಿಸ್ಕೊ ಎಂಬ ಪಾಳುಬಿದ್ದ ಊರಿನ ಬಳಿ ಹೆದ್ದಾರಿ ಬಿಟ್ಟು 128ನೇ ರಸ್ತೆ ಹಿಡಿದರೆ ಅದೇ ಕೊಲರಾಡೊ ನದಿ ಮತ್ತೆ ಜೊತೆಯಾಗುತ್ತದೆ, ಈ ಸಲ ಕೆಮ್ಮಣ್ಣಿನ ಬಣ್ಣದಲ್ಲಿ. ಆರ್ಚಸ್ ಉದ್ಯಾನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. 1929ರಿಂದ ರಕ್ಷಿತ ಸ್ಥಳ, 1971ರಿಂದ ರಾಷ್ಟ್ರೀಯ ಉದ್ಯಾನ. ಲ್ಯಾಂಡ್‌ಸ್ಕೇಪ್ ಆರ್ಚ್ ಸುಮಾರು ತೊಂಬತ್ತು ಮೀಟರ್ ಅಗಲಕ್ಕೆ ಚಾಚಿ, ನಡುವೆ ತೀರ ತೆಳ್ಳಗಾಗಿ ನಿಂತಿದೆ. ಅದರ ಒಂದು ದೊಡ್ಡ ಚಕ್ಕೆ 1991ರಲ್ಲಿ ಕಳಚಿ ಬಿತ್ತು. ಈಗ ಅದರ ಕೆಳಗೆ ಹೋಗಲು ಯಾರನ್ನೂ ಬಿಡುವುದಿಲ್ಲ. ಬಿಸಿಲು ಇಳಿಯುವ ತನಕ ನಾವು ಅಲ್ಲೇ ಕೂತೆವು.

ಆದರೆ ಮೋಆಬ್‌ನಲ್ಲಿ ಚಿಕ್ಕಪ್ಪ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಗಾಡಿ ಸಾಮಾನಿನ ಅಂಗಡಿಯಲ್ಲಿ. ದೋಣಿಯ ಟ್ರೇಲರುಗಳಿಗೆಂದು ಪೂರ್ತಿ ಮುಚ್ಚಿ ಮಾಡಿದ ಎಲ್‌ಇಡಿ ದೀಪಗಳನ್ನು ತಿರುಗಿಸಿ ನೋಡಿದರು. ಕೆಟ್ಟ ಗಾಡಿಯನ್ನು ಎಳೆದೊಯ್ಯುವಾಗ ಹಿಂದೆ ತಗುಲಿಸಲು, ಉದ್ದ ವಯರಿನ ತುದಿಯಲ್ಲಿ ಎರಡು ದೀಪ ಜೋಡಿಸಿದ ಒಂದು ಸೆಟ್ ಅವರ ಕೈಗೆ ಸಿಕ್ಕಿತು.

"ಇದು ಹನ್ನೆರಡು ವೋಲ್ಟಾ?"

"ಹೌದು ಚಿಕ್ಕಪ್ಪ, ನಿಮ್ಮ ಟ್ರ್ಯಾಕ್ಟರಿಗೂ ಆಗುತ್ತೆ."

ಸೋಗೆಯ ತುದಿಗೆ ಕೊಕ್ಕೆ ಹಾಕಿ ನೇತುಹಾಕಿದರೆ ಯಾವುದೂ ಮುಚ್ಚದು ಎಂದು ಅವರೇ ಹೇಳಿದರು. ಕಬ್ಬು ಇಳಿಸುವಾಗ ಕಾರ್ಖಾನೆಯಲ್ಲಿ ಬಿಚ್ಚಿ ಸೀಟಿನ ಕೆಳಗೆ ಇಟ್ಟುಕೊಂಡರಾಯಿತು, ಖಾಲಿ ಬರುವಾಗ ಹಲಗೆಗೆ ಸಿಕ್ಕಿಸಿದರಾಯಿತು. ಆಮೇಲೆ ಅಂಗಡಿಯ ನೆಲದ ಮೇಲೆ ಹೆಜ್ಜೆಹಾಕುತ್ತ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಎರಡನೇ ಟ್ರೇಲರಿನ ಕೊನೆಯವರೆಗೆ ಎಷ್ಟು ಉದ್ದವೆಂದು ಅಳೆದರು. ಸೆಟ್ಟಿನ ವಯರು ಸಾಲುತ್ತಿರಲಿಲ್ಲ. "ಉದ್ದ ಜಾಸ್ತಿ ಆದ್ರೆ ವಯರು ದಪ್ಪ ಬೇಕು. ಬಿಳೀದೂ ಕೊನೇತನಕ ಎಳೀಬೇಕು, ಕೊಂಡೀನ ನಂಬಂಗಿಲ್ಲ" ಎಂದು, ಗಲ್ಲಾದಲ್ಲಿದ್ದ ಹುಡುಗನ ಕಡೆ ತಿರುಗಿ ವಯರಿನ ಸುರುಳಿಯತ್ತ ಬೆರಳು ಮಾಡಿದರು.