ಓಟ ಮುಗಿದ ಮೇಲಿನ ಇಪ್ಪತ್ತು ವರ್ಷ

ಉದಕಮಂಡಲದ ಬಸ್ ನಿಲ್ದಾಣದಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವ ಬಯಲು ಕುದುರೆ ಓಟದ ಮೈದಾನ. ರೈಲು ನಿಲ್ದಾಣವೂ ಅದರ ಮಗ್ಗುಲಲ್ಲೇ ಇದೆ. ಸುತ್ತಲೂ ಗುಡ್ಡಗಳು, ಗುಡ್ಡದ ಮೈಗೆ ಅಂಟಿಕೊಂಡ ಮನೆಗಳು, ನಡುವೆ ಹಸಿರು ತಟ್ಟೆಯಂತಹ ಈ ನೆಲ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಈ ಊರಿಗೆ, ಬಯಲುಸೀಮೆ ಕಾಯತೊಡಗುವ ಏಪ್ರಿಲ್‌ನಲ್ಲಿ, ಚೆನ್ನೈ ಮತ್ತು ಬೆಂಗಳೂರಿನ ಲಾಯಗಳಿಂದ ಕುದುರೆಗಳು ಲಾರಿಗಳಲ್ಲಿ ಬರುತ್ತಿದ್ದವು. ಮಳೆ ಹಿಡಿಯುವ ಹೊತ್ತಿಗೆ ಇಳಿದುಹೋಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ನಡೆದುಬಂದ ವಾಡಿಕೆ ಅದು. 2024ರ ಜುಲೈನಲ್ಲಿ, ಗುತ್ತಿಗೆಯ ವಿವಾದದಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶವಾದ ಬಳಿಕ, ಕಂದಾಯ ಇಲಾಖೆಯು 52 ಎಕರೆಗೂ ಮಿಕ್ಕ ಆ ನೆಲವನ್ನು ವಶಕ್ಕೆ ತೆಗೆದುಕೊಂಡಿತು. ಅಲ್ಲಿ ಉದ್ಯಾನ ಮಾಡುವುದು ಸರಕಾರದ ಯೋಜನೆ.

ಮೈದಾನಕ್ಕೆ ನಿವೃತ್ತಿ ಕೊಡಲು ಸರಕಾರ, ನ್ಯಾಯಾಲಯ, ಕಡತಗಳು, ವರ್ಷಗಟ್ಟಲೆಯ ವಾದಗಳು ಬೇಕಾದವು. ಅಲ್ಲಿ ಓಡಿದ ಕುದುರೆಯ ನಿವೃತ್ತಿಗೆ ಒಂದು ಬೆಳಗಿನ ಕುಂಟು ಸಾಕಾಗುತ್ತಿತ್ತು.

ಓಟದ ಕುದುರೆ ಥರೋಬ್ರೆಡ್ ತಳಿಯದು. ಹುಟ್ಟಿದ ತಿಂಗಳು ಯಾವುದಾದರೂ ಜನವರಿ 1ಕ್ಕೆ ಅದಕ್ಕೆ ಒಂದು ವರ್ಷ ಕೂಡುತ್ತದೆ. ಎರಡು ವರ್ಷ ತುಂಬಿತೆಂದರೆ ಓಟಕ್ಕೆ ಅರ್ಹ. ಐದು ಆರು ವರ್ಷಕ್ಕೆ ಬಹುತೇಕ ಕುದುರೆಗಳ ಓಟ ಮುಗಿಯುತ್ತದೆ. ಆದರೆ ಕುದುರೆಯ ಆಯುಷ್ಯ ಇಪ್ಪತ್ತೈದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ನಾಲ್ಕು ವರ್ಷದ ದುಡಿಮೆ, ಇಪ್ಪತ್ತು ವರ್ಷದ ಬಾಳು. ಗೆದ್ದ ಹೆಣ್ಣುಕುದುರೆಗೆ, ಅಥವಾ ಒಳ್ಳೆಯ ವಂಶದವಳಿಗೆ, ಕುಣಿಗಲಿನಂತಹ ತಳಿ ಸಂವರ್ಧನ ಕೇಂದ್ರದಲ್ಲಿ ಸ್ಥಾನವಿರುತ್ತದೆ. ಅಲ್ಲಿ ಅವಳು ಹನ್ನೊಂದು ತಿಂಗಳು ಗರ್ಭ ಹೊತ್ತು ಮರಿ ಹಾಕುತ್ತಾಳೆ. ಉಳಿದವರದು ಸವಾರಿ ಶಾಲೆ, ಮದುವೆಯ ಮೆರವಣಿಗೆ, ಇಲ್ಲವೆ ಪ್ರವಾಸಿಗರನ್ನು ಹೊರುವ ಕೆಲಸ.

ಊಟಿಯ ದೋಣಿಮನೆಯ ಬಳಿ, ಪೈಕಾರದ ದಾರಿಯಲ್ಲಿ, ಬಣ್ಣದ ಕುಚ್ಚು ಕಟ್ಟಿಸಿಕೊಂಡು ನಿಂತ ಕುದುರೆಗಳನ್ನು ನೀಲಗಿರಿಯ ಮಕ್ಕಳೆಲ್ಲ ಕಂಡಿರುತ್ತಾರೆ. ಸಂಜೆಯಾದ ಮೇಲೆ ಅವುಗಳಲ್ಲಿ ಹಲವನ್ನು ಬೀದಿಗೆ ಬಿಡುವುದನ್ನೂ ಕಂಡಿರುತ್ತಾರೆ. ಮಾರುಕಟ್ಟೆಯ ಕಸದ ರಾಶಿಯಲ್ಲಿ ಕೋಸಿನ ಎಲೆಯ ಜೊತೆಗೆ ಪ್ಲಾಸ್ಟಿಕ್ಕೂ ಬಾಯಿಗೆ ಬರುತ್ತದೆ. ಕುದುರೆ ವಾಂತಿ ಮಾಡಲಾರದ ಪ್ರಾಣಿ; ಒಳಗೆ ಹೋದದ್ದು ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆನೋವಿನಲ್ಲೇ ಸಾಯಬಹುದು.

ಊರಿನಿಂದ ಕಲ್ಹಟ್ಟಿಯ ಘಟ್ಟವನ್ನು ಇಳಿದರೆ, 36 ತಿರುವುಗಳನ್ನು ದಾಟಿದ ಮೇಲೆ, ಚಳಿ ಹಿಂದಾಗಿ ಕುರುಚಲು ಕಾಡಿನ ಬಿಸಿಗಾಳಿ ಮುಖಕ್ಕೆ ತಾಗುತ್ತದೆ. ಅದು ಸೀಗೂರು ಸೀಮೆ. ಮಸಿನಗುಡಿ, ಬೊಕ್ಕಾಪುರ, ಮಾವನಹಳ್ಳ: ಹಲಗೆಗಳ ಮೇಲಿನ ಲಿಪಿ ಯಾವುದಾದರೂ, ಹೆಸರುಗಳು ಕನ್ನಡದ ಕಿವಿಗೆ ಪರಿಚಯ ಹೇಳಿಕೊಳ್ಳುತ್ತವೆ. ಮಾವನಹಳ್ಳದಲ್ಲಿ ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಆಂಡ್ ನೇಚರ್ ಎಂಬ ಸಂಸ್ಥೆಯ ಆಶ್ರಯಧಾಮವಿದೆ. ಯಾರಿಗೂ ಬೇಡವಾದ ಕುದುರೆ, ಕತ್ತೆ, ದನಗಳಿಗೆ ಅಲ್ಲಿ ಹುಲ್ಲು, ಔಷಧ, ನೆರಳು ಸಿಗುತ್ತದೆ. ಇಂತಹ ಜಾಗಗಳು ಕಡಿಮೆ. ಇರುವಲ್ಲಿಯೂ ಕೊಟ್ಟಿಗೆಗೆ ಮಿತಿಯಿದೆ, ಮೇವಿಗೆ ಬೆಲೆಯಿದೆ.

ಓಟದ ಹೆಣ್ಣುಕುದುರೆಯನ್ನು ವಿಶ್ರಾಂತಿಗೆ ತರುವುದೆಂದರೆ ಗೇಟು ತೆರೆದು ಹುಲ್ಲಿಗೆ ಬಿಡುವುದಲ್ಲ. ದಿನದ ಬಹುಭಾಗವನ್ನು ಲಾಯದ ನಾಲ್ಕು ಗೋಡೆಗಳ ನಡುವೆ ಕಳೆದವಳು ಅವಳು. ದೊಡ್ಡ ಬಯಲನ್ನು ಕಂಡ ಕೂಡಲೆ ಬೇಲಿಯ ತನಕ ದೌಡಾಯಿಸಿ ಕಾಲು ಮುರಿದುಕೊಂಡಾಳು. ಮೊದಲು ಸಣ್ಣ ಆವರಣ, ಜೊತೆಗೆ ಶಾಂತ ಸ್ವಭಾವದ ಒಂದು ಮುದಿ ಕುದುರೆ, ಆಮೇಲೆ ಬಯಲು. ಹುರುಳಿಗೆ ಇಂಗ್ಲಿಷಿನಲ್ಲಿ ಕುದುರೆಯ ಹೆಸರೇ ಅಂಟಿಕೊಂಡಿದೆ. ಆದರೆ ಓಟ ನಿಂತವಳಿಗೆ ಕಾಳಿನ ಅಗತ್ಯ ಕಡಿಮೆ. ಕಾಳನ್ನು ಒಮ್ಮೆಗೇ ಕಡಿಯದೆ ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ಹುಲ್ಲನ್ನು ಏರಿಸಬೇಕು. 450 ಕಿಲೋ ತೂಗುವವಳಿಗೆ ದಿನಕ್ಕೆ ಎಂಟು ಒಂಬತ್ತು ಕಿಲೋ ಒಣಹುಲ್ಲು ಬೇಕು. ಓಟದ ಲಾಳ ಕಳಚಿದ ಮೇಲೆ ಕೆಲವು ವಾರ ಅವಳು ಕಲ್ಲಿನ ನೆಲದಲ್ಲಿ ಮೆಲ್ಲನೆ, ಬರಿಗಾಲಿನ ಪೇಟೆಯವರಂತೆ, ನಡೆಯುತ್ತಾಳೆ. ಗೊರಸನ್ನು ಆರೆಂಟು ವಾರಕ್ಕೊಮ್ಮೆ ಕತ್ತರಿಸಬೇಕು, ಹಲ್ಲನ್ನು ವರ್ಷಕ್ಕೊಮ್ಮೆ ಅರದಿಂದ ಉಜ್ಜಿಸಬೇಕು. ಊಟಿಯಲ್ಲೇ ಇರಿಸಿಕೊಳ್ಳುವುದಾದರೆ ಜನವರಿಯ ಹಿಮಕ್ಕೆ ಆ ತೆಳು ರೋಮ ಸಾಲದು, ಕಂಬಳಿ ಬೇಕು.

ಮರಳಿ ಕಲಿಸಬೇಕಾದದ್ದೂ ಇದೆ. ಓಟದಲ್ಲಿ ಲಗಾಮು ಬಿಗಿಯಾದಾಗ ಅದರ ಮೇಲೆ ಭಾರ ಹಾಕಿ ಇನ್ನೂ ಮುನ್ನುಗ್ಗುವುದು ಅವಳಿಗೆ ರೂಢಿಯಾಗಿರುತ್ತದೆ. ಪ್ರವಾಸಿಗರ ಮಗು ಹೆದರಿ ಲಗಾಮು ಜಗ್ಗಿದರೆ ಅವಳು ನಿಲ್ಲುವ ಬದಲು ಹಾರಿದರೆ ತಪ್ಪು ಅವಳದಲ್ಲ. ನಿಲ್ಲುವುದನ್ನು ಕಲಿಸಲು ತಿಂಗಳುಗಳ ತಾಳ್ಮೆ ಬೇಕು. ತರಬೇತಿಯಿಲ್ಲದೆ ಅವಳನ್ನು ಸವಾರಿಗೆ ಮಾರುವುದು ಕೊಂಡವನಿಗೂ, ಹತ್ತುವವರಿಗೂ, ಅವಳಿಗೂ ಮಾಡುವ ಅನ್ಯಾಯ.

ಕಾನೂನು ಇಲ್ಲಿ ಏನು ಹೇಳುತ್ತದೆ? 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕುದುರೆ ಓಟ ಕೇವಲ ಅದೃಷ್ಟದ ಜೂಜಲ್ಲ, ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ಕೌಶಲ ತೀರಿದ ಮೇಲೆ ಆ ಕುದುರೆಯ ಗತಿಯೇನೆಂಬುದು ಆ ಮೊಕದ್ದಮೆಯ ಪ್ರಶ್ನೆಯಾಗಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ. ಅದರ 11ನೆಯ ಕಲಮಿನ ಪ್ರಕಾರ, ಒಡೆಯನಾದವನು ಸಾಕಷ್ಟು ಮೇವು, ನೀರು, ಆಸರೆ ಕೊಡದಿರುವುದು ಅಪರಾಧ; ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಕಾರಣವಿಲ್ಲದೆ ಪ್ರಾಣಿಯನ್ನು ತೊರೆಯುವುದೂ ಅಪರಾಧ. ಮೊದಲ ಸಲ ತಪ್ಪು ಸಾಬೀತಾದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಊಟಿಯ ಚಹಾದಂಗಡಿಯಲ್ಲಿ ಇಬ್ಬರು ಕುಳಿತು ಕುಡಿದರೆ ಆಗುವ ಮೊತ್ತ. ಲಕ್ಷಗಳಿಗೆ ಕೊಂಡ ಪ್ರಾಣಿಯನ್ನು ಬಿಡಲು ಇಷ್ಟು ಅಗ್ಗದ ದಾರಿಯನ್ನು ಕಾಯ್ದೆಯೇ ತೆರೆದಿಟ್ಟಿರುವಾಗ ಬರೀ ಒಡೆಯರನ್ನು ದೂರಿ ಫಲವಿಲ್ಲ.

ಹಾಗಾಗಿ ಕಾಯ್ದೆ ಮಾಡದ್ದನ್ನು ಕರಾರುಪತ್ರ ಮಾಡಬೇಕಾಗುತ್ತದೆ. ಕುದುರೆಯನ್ನು ಕೊಡುವಾಗ ಮೂರು ಸಾಲು ಬರೆಸಿಕೊಂಡರೂ ಸಾಕು: ಇನ್ನು ಓಟಕ್ಕೆ ಇಳಿಸಕೂಡದು, ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡಕೂಡದು, ಸಾಕಲಾಗದ ದಿನ ಮೊದಲ ಒಡೆಯನಿಗೇ ಮರಳಿಸತಕ್ಕದ್ದು. ಮೂರನೆಯ ಸಾಲಿಗೇ ಬೆಲೆ ಹೆಚ್ಚು, ಸಹಿ ಹಾಕಲು ಒಡೆಯ ಹಿಂದೆಮುಂದೆ ನೋಡುವುದೂ ಅದಕ್ಕೇ. ಗೆದ್ದ ಹಣದ ಒಂದು ಪಾಲನ್ನು ಅವಳು ಓಡುತ್ತಿರುವಾಗಲೇ ಅವಳ ಹೆಸರಿನಲ್ಲಿ ಎತ್ತಿಟ್ಟವನಿಗೆ ಆ ಹಿಂಜರಿಕೆ ಇರುವುದಿಲ್ಲ. ಕುಂಟಿದ ದಿನ ಲೆಕ್ಕ ಹಾಕಲು ಕುಳಿತವನಿಗೆ ಕೊಳ್ಳುವವನು ಹೇಳಿದ್ದೇ ಬೆಲೆ, ಅವನು ಒಯ್ದದ್ದೇ ದಾರಿ.

ನಿವೃತ್ತಳಾದ ಹೊಸತರಲ್ಲಿ ಇಂತಹ ಕುದುರೆ ನಸುಕಿಗೇ ಎದ್ದು, ಕಿವಿ ನಿಮಿರಿಸಿ, ಗೇಟಿನ ಬಳಿ ಕಾಯುವುದುಂಟು. ಅದು ತಾಲೀಮಿನ ಹೊತ್ತು. ಜೀನು ತರುವವರು ಯಾರೂ ಬರುವುದಿಲ್ಲ. ಸೀಗೂರು ಸೀಮೆಯಲ್ಲಿ ಹುಲಿ ಚಿರತೆಗಳ ಭಯವಿರುವುದರಿಂದ ಕತ್ತಲಾಗುವ ಮುನ್ನ ಪ್ರಾಣಿಗಳನ್ನು ಕೊಟ್ಟಿಗೆಗೆ ಸೇರಿಸಬೇಕು. ಕುದುರೆ ನಿಂತೇ ತೂಕಡಿಸಬಲ್ಲದು. ಪೂರ್ತಿ ನಿದ್ದೆಗೆ ಮಾತ್ರ ಮಲಗಬೇಕು, ಮಲಗಲು ಭಯ ಹೋಗಬೇಕು. ತಿಂಗಳುಗಳು ಕಳೆದ ಮೇಲೆ ಒಂದು ರಾತ್ರಿ ಅವಳು ಒಣಹುಲ್ಲಿನ ಮೇಲೆ ಕಾಲು ಚಾಚಿ ಮಲಗುತ್ತಾಳೆ. ಪಕ್ಕದಲ್ಲಿ ಮುದಿ ಕುದುರೆ ನಿಂತಿರುತ್ತದೆ.